ಆರ್‌ವಿ ಸಿಗದ ರ‍್ಯಾಂಕಿಗೆ ಯಾವ ಕಾಲೇಜು? ಸಿಇಟಿ ಆಪ್ಷನ್ ಪಟ್ಟಿ ಕಟ್ಟುವ ಬಗೆ

ಸಿಇಟಿ ರ‍್ಯಾಂಕ್ ಬಂದ ದಿನ ಮನೆಯಲ್ಲಿ ಓಡಾಡುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ಹೆಸರು ನಾಲ್ಕೈದೇ: ಆರ್‌ವಿ, ಬಿಎಂಎಸ್, ರಾಮಯ್ಯ, ಪಿಇಎಸ್, ಯುವಿಸಿಇ. ಇವುಗಳ ಕಂಪ್ಯೂಟರ್ ಸೈನ್ಸ್ ಸೀಟುಗಳು ರ‍್ಯಾಂಕ್ ಪಟ್ಟಿಯ ಮೇಲ್ತುದಿಯಲ್ಲೇ ಖಾಲಿಯಾಗುತ್ತವೆ. ಅಲ್ಲಿಂದ ಕೆಳಗೆ ಬಂದರೆ ಬಹುತೇಕರು ಆಪ್ಷನ್ ಪಟ್ಟಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಕೊಡುವ ಪಟ್ಟಿ) ಬರೆಯುವುದು ಸೋದರಮಾವ ಹೇಳಿದ್ದನ್ನು ಅಥವಾ ರಸ್ತೆಬದಿಯ ಹೋರ್ಡಿಂಗ್‌ನಲ್ಲಿ ನೋಡಿದ್ದನ್ನು ನಂಬಿ. ಕೆಲಸಕ್ಕೆ ಬರುವ ಮಾಹಿತಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ (ಕೆಇಎ) ತನ್ನ ಜಾಲತಾಣದಲ್ಲಿ ಇಟ್ಟಿರುತ್ತದೆ. ಹಿಂದಿನ ವರ್ಷಗಳ ಕಟ್‌ಆಫ್ ಪಿಡಿಎಫ್‌ಗಳನ್ನು ಇಳಿಸಿಕೊಂಡು, ಒಂದು ಎಕ್ಸೆಲ್ ಹಾಳೆಯನ್ನೋ ನೂರು ಪುಟದ ನೋಟ್‌ಬುಕ್ಕನ್ನೋ ತೆರೆದು ಕೂರಿ. ಎರಡು ಸಂಜೆಯ ಕೆಲಸ.

ಪಿಡಿಎಫ್ ತೆರೆಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ: ಆರ್‌ವಿಯೇ ಯಾಕೆ ಬೇಕಿತ್ತು? ಬ್ರಾಂಚ್ ಮುಖ್ಯವಾಗಿದ್ದರೆ ಅದೇ ಬ್ರಾಂಚ್ ಇಟ್ಟುಕೊಂಡು ಬೇರೆ ಊರಿನ ಕಾಲೇಜು ನೋಡಬೇಕು. ಕ್ಯಾಂಪಸ್, ಅಲ್ಲಿಗೆ ಬರುವ ಕಂಪನಿಗಳು ಮುಖ್ಯವಾಗಿದ್ದರೆ ಅದೇ ಮಟ್ಟದ ಕಾಲೇಜಿನಲ್ಲಿ ಬೇಡಿಕೆ ಕಡಿಮೆಯಿರುವ ಬ್ರಾಂಚ್ ನೋಡಬೇಕು. ಶುಲ್ಕವೇ ದೊಡ್ಡ ಮಾತಾಗಿದ್ದರೆ ಸರ್ಕಾರಿ ಮತ್ತು ಅನುದಾನಿತ ಸೀಟುಗಳು ಮೊದಲು ಬರಬೇಕು. ಮೂರೂ ಬೇಕು ಎಂದು ಕೂತವರ ಪಟ್ಟಿ ಕೊನೆಗೆ ಕಲಸುಮೇಲೋಗರ ಆಗುತ್ತದೆ.

ಕಟ್‌ಆಫ್ ಓದುವಾಗ

ಪಿಡಿಎಫ್‌ನಲ್ಲಿ ಕಾಲೇಜಿನ ಹೆಸರು, ಅದರ ಕೆಳಗೆ ಒಂದೊಂದು ಬ್ರಾಂಚಿಗೆ ಒಂದೊಂದು ಸಾಲು, ಅಡ್ಡಕ್ಕೆ 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಗಿ ಜಿಎಂ (ಜನರಲ್ ಮೆರಿಟ್), ಎಸ್‌ಸಿ, ಎಸ್‌ಟಿವರೆಗಿನ ಅಂಕಣಗಳು. ಕೊನೆಯ ಅಕ್ಷರ ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ, ಜಿ ಎಂದರೆ ಆ ಪ್ರವರ್ಗದ ಸಾಮಾನ್ಯ ಸೀಟು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾದ ಸೀಟುಗಳ ಕಟ್‌ಆಫ್ ಪ್ರತ್ಯೇಕ. ಆ ಅರ್ಹತೆ ಇದ್ದವರು ಎರಡನ್ನೂ ನೋಡಬೇಕು. ಆ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದೆಡೆ 8% ಸೀಟು ಇವರಿಗೆ ಮೀಸಲು. ಮೊಬೈಲಿನಲ್ಲಿ ಓದಿದರೆ ಕಣ್ಣು ಪಕ್ಕದ ಅಂಕಣಕ್ಕೆ ಜಾರುವುದು ಖಂಡಿತ. ಕಂಪ್ಯೂಟರಿನಲ್ಲಿ ನೋಡಿ, ಇಲ್ಲವೇ ಪುಟವನ್ನು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಓದಿ.

ಅಂಕಣದಲ್ಲಿರುವ ಸಂಖ್ಯೆ ಆ ಸುತ್ತಿನಲ್ಲಿ ಸೀಟು ಪಡೆದ ಕೊನೆಯ ವಿದ್ಯಾರ್ಥಿಯ ರ‍್ಯಾಂಕ್. ನೀವು 3ಬಿ ಗ್ರಾಮೀಣ ಅಭ್ಯರ್ಥಿ ಎಂದುಕೊಳ್ಳಿ. ಒಂದು ಸಾಲಿನಲ್ಲಿ ಜಿಎಂ 12,100, 3ಬಿಜಿ 13,400, 3ಬಿಆರ್ 16,900 ಇದ್ದರೆ ನಿಮ್ಮ ಮಟ್ಟಿಗೆ ಆ ಸೀಟಿನ ಕಟ್‌ಆಫ್ 16,900. ಅರ್ಹತೆಯಿರುವ ಅಂಕಣಗಳಲ್ಲಿ ಅತಿ ದೊಡ್ಡ ಸಂಖ್ಯೆಯೇ ಲೆಕ್ಕ. ಜಿಎಂ ಅಂಕಣವೊಂದನ್ನೇ ನೋಡಿ ‘ನಮಗೆ ಸಿಗಲ್ಲ’ ಎಂದು ಒಳ್ಳೆಯ ಕಾಲೇಜು ಬಿಟ್ಟವರು ಬಹಳ.

ಒಂದೇ ವರ್ಷದ ಸಂಖ್ಯೆ ನಂಬಬೇಡಿ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪರೀಕ್ಷೆ ಸಲೀಸಾದರೂ ಲೆಕ್ಕ ಅಲ್ಲಾಡುತ್ತದೆ. ಕಾಲೇಜುಗಳು ಕಂಪ್ಯೂಟರ್ ಸೀಟು ಹೆಚ್ಚಿಸಿದರೂ ಕಟ್‌ಆಫ್ ಸಡಿಲಾಗುತ್ತದೆ. ಕೊನೆಯ ಮೂರು ವರ್ಷದ್ದನ್ನು ಪಕ್ಕಪಕ್ಕ ಬರೆದುಕೊಳ್ಳಿ. ಸುತ್ತುಗಳನ್ನು ಕಲಸಬೇಡಿ: ಮೊದಲ ಸುತ್ತನ್ನು ಮೊದಲ ಸುತ್ತಿನೊಂದಿಗೆ, ಕೊನೆಯದನ್ನು ಕೊನೆಯದರೊಂದಿಗೆ ಹೋಲಿಸಿ. ಜೋಸಾ (ಕೇಂದ್ರದ ಸೀಟು ಹಂಚಿಕೆ) ಮೂಲಕ ಎನ್‌ಐಟಿಗೆ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಮೂಲಕ ಬೇರೆಡೆಗೆ ಹೋದವರು ಬಿಟ್ಟ ಸೀಟು ಕೊನೆಯ ಸುತ್ತುಗಳಿಗೆ ಬರುವುದರಿಂದ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಾಗುತ್ತದೆ.

ರ‍್ಯಾಂಕ್ 14,000 ಇದ್ದವರು ಹೀಗೆ ಗುರುತು ಹಾಕಬಹುದು. ಮೂರೂ ವರ್ಷ 12,000ಕ್ಕಿಂತ ಮೊದಲೇ ಮುಗಿದದ್ದು ಆಸೆಯ ಸಾಲು. 12,000ರಿಂದ 18,000ದ ನಡುವೆ ಹೊಯ್ದಾಡಿದ್ದು ಎಟುಕಬಹುದಾದದ್ದು. ಮೂರೂ ವರ್ಷ 18,000 ದಾಟಿದ್ದು ಕೈಗೆ ಸಿಗುವಂಥದ್ದು. ಈ ಕೊನೆಯ ಗುಂಪಿನಲ್ಲಿ ಹತ್ತು ಸಾಲಾದರೂ ಇರಲಿ, ಅವೆಲ್ಲ ನೀವು ನಿಜವಾಗಿಯೂ ಸೇರಲು ಒಪ್ಪುವಂಥವಾಗಿರಲಿ. ಒಪ್ಪದ ಕಾಲೇಜನ್ನು ಲೆಕ್ಕ ತುಂಬಲು ಬರೆದರೆ ಅದೇ ಬಂದು ತಲೆಯ ಮೇಲೆ ಕೂರುತ್ತದೆ.

ಎಲ್ಲಿ ಹುಡುಕಬೇಕು

ಬೆಂಗಳೂರಿನ ಆಚೆ. ಆರ್‌ವಿ ಶುರುವಾದದ್ದು 1963ರಲ್ಲಿ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು, ಬಾಗಲಕೋಟೆಯ ಬಸವೇಶ್ವರ, ಮೈಸೂರಿನ ಎಸ್‌ಜೆಸಿಇ (ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ) ಕೂಡ ಅದೇ ವರ್ಷದವು. ಹಾಸನದ ಮಲೆನಾಡು ಕಾಲೇಜು 1960ರದ್ದು, ಕಲಬುರಗಿಯ ಪಿಡಿಎ 1958ರದ್ದು, ದಾವಣಗೆರೆಯ ಯುಬಿಡಿಟಿ 1951ರದ್ದು. ಹುಬ್ಬಳ್ಳಿಯ ಬಿವಿಬಿ (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) 1947ರದ್ದು, ಮೈಸೂರಿನ ಎನ್‌ಐಇ 1946ರದ್ದು. ಇಷ್ಟು ಹಳೆಯ ಲ್ಯಾಬ್, ಇಷ್ಟು ತಲೆಮಾರಿನ ಹಳೆಯ ವಿದ್ಯಾರ್ಥಿಗಳು ಇದ್ದರೂ ಬೆಂಗಳೂರಿನ ಹೊರವಲಯದಲ್ಲಿ 2000ದ ಈಚೆಗೆ ಬಂದ ಕಾಲೇಜುಗಳ ಕಂಪ್ಯೂಟರ್ ಸೀಟು ಇವುಗಳಲ್ಲಿ ಕೆಲವಕ್ಕಿಂತ ಮೊದಲೇ ಖಾಲಿಯಾಗುವುದುಂಟು. ಜನ ಕಾಲೇಜಿನ ಜೊತೆಗೆ ಊರಿಗೂ ರ‍್ಯಾಂಕ್ ಖರ್ಚು ಮಾಡುತ್ತಾರೆ. ನಿಮಗೆ ಹಾಸ್ಟೆಲ್ ಹೇಗೂ ಬೇಕೇ ಬೇಕು ಎಂದಾದರೆ ಆ ಖರ್ಚು ದಂಡ.

ಬ್ರಾಂಚ್ ವಿಷಯದಲ್ಲೂ ಹೀಗೆಯೇ. ಇನ್ಫರ್ಮೇಷನ್ ಸೈನ್ಸ್‌ನ ಪಠ್ಯ ಕಂಪ್ಯೂಟರ್ ಸೈನ್ಸ್‌ಗೆ ಬಲು ಹತ್ತಿರ, ಕಟ್‌ಆಫ್ ಸಾಮಾನ್ಯವಾಗಿ ಸ್ವಲ್ಪ ಸಡಿಲ. ಹೊಸದಾಗಿ ಹುಟ್ಟಿದ ಉದ್ದನೆಯ ಹೆಸರಿನ ಬ್ರಾಂಚುಗಳಲ್ಲಿ ಮಾತ್ರ ಪಾಠ ಮಾಡುವವರು ಯಾರು ಎಂದು ಮೊದಲು ಕೇಳಿ. ಸೇರಿದ ಮೇಲೆ ಬ್ರಾಂಚ್ ಬದಲಿಸಿಕೊಳ್ಳೋಣ ಎಂಬ ಧೈರ್ಯದಲ್ಲಿ ಬೇಡದ ಬ್ರಾಂಚ್ ಹಾಕಬೇಡಿ. ಖಾಲಿ ಸೀಟು ಇದ್ದರಷ್ಟೇ ಆ ಮಾತು.

ಹಳೆಯ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥ ಬ್ರಾಂಚುಗಳಿಗೆ ಅನುದಾನಿತ ಸೀಟುಗಳಿರುತ್ತವೆ. ಒಂದೇ ಕಾಲೇಜಿನ ಅನುದಾನಿತ, ಅನುದಾನರಹಿತ ಸೀಟುಗಳ ಶುಲ್ಕಕ್ಕೆ ಅಜಗಜಾಂತರ. ಆಪ್ಷನ್ ಹಾಕುವಾಗ ಪಕ್ಕದಲ್ಲಿ ಕಾಣುವ ಶುಲ್ಕವನ್ನು ಓದಿಯೇ ಮುಂದಕ್ಕೆ ಹೋಗಿ.

ಹೆಸರು ಸೇರಿಸುವ ಮುನ್ನ ತಪಾಸಣೆ

ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಸಿಗುವುದು ಬ್ರಾಂಚಿಗೆ, ಇಡೀ ಕಾಲೇಜಿಗಲ್ಲ. ‘ಎನ್‌ಬಿಎ ಮಾನ್ಯತೆ ಪಡೆದ ಕಾಲೇಜು’ ಎಂಬ ಬೋರ್ಡ್ ಇದ್ದರೆ ನಿಮ್ಮ ಬ್ರಾಂಚಿಗೆ ಇದೆಯೇ, ಅವಧಿ ಮುಗಿದಿದೆಯೇ ಎಂದು ಎನ್‌ಬಿಎ ಜಾಲತಾಣದಲ್ಲೇ ನೋಡಿ. ಪ್ಲೇಸ್‌ಮೆಂಟ್ ಬಗ್ಗೆ ‘ಅತಿ ಹೆಚ್ಚು ಪ್ಯಾಕೇಜ್’ ಕೇಳಿ ಪ್ರಯೋಜನವಿಲ್ಲ, ಅದು ಒಬ್ಬರ ಕಥೆ. ಆ ಬ್ರಾಂಚಿನಲ್ಲಿ ಕೊನೆಯ ವರ್ಷ ಎಷ್ಟು ಮಂದಿ ಇದ್ದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುಮಧ್ಯದವರ ಸಂಬಳ ಎಷ್ಟು, ಈ ಮೂರು ಕೇಳಿ. ಒಬ್ಬನಿಗೆ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವ ಕಾಲೇಜುಗಳಿವೆ, ಹಾಗಾಗಿ ಆಫರ್‌ಗಳ ಸಂಖ್ಯೆ ಬೇಡ, ವಿದ್ಯಾರ್ಥಿಗಳ ಸಂಖ್ಯೆ ಬೇಕು. ಲಿಂಕ್ಡ್‌ಇನ್‌ನಲ್ಲಿ ಎರಡು ವರ್ಷದ ಹಿಂದೆ ಪಾಸಾದ ಆ ಬ್ರಾಂಚಿನ ಇಪ್ಪತ್ತು ಜನ ಈಗ ಎಲ್ಲಿದ್ದಾರೆ ಎಂದು ನೋಡಿದರೆ ಬ್ರೋಷರ್‌ಗಿಂತ ಹೆಚ್ಚು ತಿಳಿಯುತ್ತದೆ.

ಭೇಟಿ ಕೊಡುವುದಾದರೆ ಓಪನ್ ಹೌಸ್ ದಿನ ಬೇಡ, ಮಾಮೂಲಿ ವಾರದ ದಿನ ಮಧ್ಯಾಹ್ನ ಲ್ಯಾಬ್ ನಡೆಯುವ ಹೊತ್ತಿಗೆ ಹೋಗಿ. ಒಂದು ಸಿಸ್ಟಮ್ಮಿಗೆ ಎಷ್ಟು ಜನ ಕೂತಿದ್ದಾರೆ ಎಣಿಸಿ. ಕೆಇಎ ಶುಲ್ಕದ ಮೇಲೆ ಕಾಲೇಜು ಬೇರೇನು ವಸೂಲು ಮಾಡುತ್ತದೆ ಎಂಬುದನ್ನು ಆಫೀಸಿನಲ್ಲಲ್ಲ, ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ.

ಪಟ್ಟಿಯ ಕ್ರಮ, ಆಮೇಲಿನ ಸುತ್ತುಗಳು

ಇಲ್ಲಿ ಆಗುವ ತಪ್ಪು ಒಂದೇ: ಸಿಗುವುದನ್ನು ಮೇಲೆ, ಬೇಕಾದ್ದನ್ನು ಕೆಳಗೆ ಬರೆಯುವುದು. ಹಂಚಿಕೆಯಲ್ಲಿ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯ ಮೊದಲ ಸಾಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಸೀಟು ಉಳಿದಿರುವ ಮೊದಲ ಸಾಲನ್ನೇ ಕೊಡಲಾಗುತ್ತದೆ. ಮೇಲೆ ಇಪ್ಪತ್ತು ಆಸೆಯ ಸಾಲು ಇದ್ದರೂ ಕೆಳಗಿನವುಗಳ ಅವಕಾಶ ಕೂದಲೆಳೆಯಷ್ಟೂ ಕಡಿಮೆಯಾಗದು. ಆದ್ದರಿಂದ ಕ್ರಮ ಪೂರ್ತಿ ಇಷ್ಟದ ಪ್ರಕಾರ ಇರಲಿ. ಕಟ್‌ಆಫ್ ಬೇಕಾಗುವುದು ಪಟ್ಟಿ ಎಷ್ಟು ಕೆಳಕ್ಕೆ ಇಳಿಯಬೇಕು ಎಂದು ತಿಳಿಯಲು ಮಾತ್ರ.

ಅಣಕು ಹಂಚಿಕೆ (ನಿಜವಾದ ಸುತ್ತಿಗೆ ಮುಂಚಿನ ಪ್ರಾಯೋಗಿಕ ಫಲಿತಾಂಶ) ಬಂದಾಗ ಏನೂ ಸಿಗದಿದ್ದರೆ ಕೆಳಗೆ ಸಾಲು ಸೇರಿಸಿ. ಸಿಕ್ಕಿತೆಂದು ಮೈಮರೆತು ಅದರ ಕೆಳಗಿನದನ್ನು ಅಳಿಸಬೇಡಿ. ಅಣಕು ಫಲಿತಾಂಶ ನೋಡಿ ಎಲ್ಲರೂ ಪಟ್ಟಿ ಬದಲಿಸುತ್ತಾರೆ, ನಿಜವಾದ ಸುತ್ತು ಬೇರೆಯೇ ಬರಬಹುದು.

ಸೀಟು ಬಂದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, 2 ಎಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಎಂದರೆ ಹೊರಬರುವುದು. ಯಾವ ಚಾಯ್ಸ್‌ಗೆ ಎಷ್ಟು ಹಣ, ಯಾವ ದಿನದೊಳಗೆ ಎಂಬುದು ವರ್ಷವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಸೂಚನೆಯನ್ನೇ ಓದಿ. ಚಾಯ್ಸ್ 2 ಒತ್ತುವವರು ಒಂದು ಗಮನಿಸಿ: ಮೇಲಿನ ಸಾಲು ಸಿಕ್ಕಿದರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ, ಹಿಂದಕ್ಕೆ ಬರುವಂತಿಲ್ಲ. ಸಿಕ್ಕ ಸೀಟಿಗಿಂತ ಮೇಲೆ ಇರುವ ಒಂದೊಂದು ಸಾಲನ್ನೂ ಮತ್ತೆ ಓದಿ, ‘ಇದಕ್ಕಾಗಿ ಅದನ್ನು ಬಿಡುತ್ತೇನೆಯೇ’ ಎಂದು ಕೇಳಿಕೊಂಡು, ಇಲ್ಲ ಎಂದಾದ ಸಾಲುಗಳನ್ನು ಎರಡನೇ ಸುತ್ತಿನ ತಿದ್ದುಪಡಿ ಗಡುವಿನೊಳಗೆ ಅಳಿಸಿಬಿಡಿ.