ಬ್ರೇಕ್ ದೀಪದಲ್ಲಿ ಅಡಗಿದ್ದ ದೋಷ

ತುಮಕೂರಿನಿಂದ ಸಿರಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಸೀಬಿ ದಾಟುವಷ್ಟರಲ್ಲಿ ನನ್ನ ಬಲಗೈ ಜೋಮು ಹಿಡಿಯುತ್ತಿತ್ತು. ಅದಕ್ಕೇ ನನ್ನ ಹಳೆಯ ನಾಲ್ಕು ಸಿಲಿಂಡರಿನ ಟೂರಿಂಗ್ ಬೈಕಿಗೆ, ಕಾರಿಗೆಂದು ತಯಾರಾದ ವ್ಯಾಕ್ಯೂಮ್ ಕ್ರೂಸ್ ಕಂಟ್ರೋಲ್ ಜೋಡಿಸಿದೆ. ಎಂಜಿನ್ನಿನ ಹೀರುವ ಬಲದಿಂದ ಥ್ರಾಟಲ್ ಎಳೆದು ಹಿಡಿದು, ಕೈ ಬಿಟ್ಟರೂ ಒಂದೇ ವೇಗ ಕಾಯುವ ಸಾಧನ ಇದು. ಕೇಬಲ್, ವೇಗ ಅಳೆಯಲು ಬೇಕಾದ ಚಕ್ರದ ಅಯಸ್ಕಾಂತ ಎಲ್ಲವೂ ಸರಿಯಾಗಿ ಕೂತವು. ಆದರೆ ಗುಂಡಿ ಒತ್ತಿದರೂ ವೇಗ ಒಂದೇ ಸಮನೆ ಉಳಿಯಲೇ ಇಲ್ಲ.

ಮೂರು ಭಾನುವಾರ ವ್ಯಾಕ್ಯೂಮ್ ಕೊಳವೆಗಳನ್ನೇ ಅನುಮಾನಿಸಿ ಕಳೆದೆ. ಕೊನೆಗೆ ಬ್ರೇಕ್ ದೀಪದ ತಂತಿಗೆ ಮಲ್ಟಿಮೀಟರ್ ಇಟ್ಟಾಗ ಗುಟ್ಟು ಬಯಲಾಯಿತು. ಬ್ರೇಕ್ ಒತ್ತದಿರುವಾಗ ಕ್ರೂಸ್ ಘಟಕ ಬ್ರೇಕ್ ಬಲ್ಬಿನ ಫಿಲಮೆಂಟ್ (ಒಳಗಿನ ಸಣ್ಣ ತಂತಿ) ಮೂಲಕ ಅರ್ಥ್, ಅಂದರೆ ಬೈಕಿನ ಚೌಕಟ್ಟಿನ ನೆಲಸಂಪರ್ಕ ಹುಡುಕುತ್ತದೆ. ಸಿಗದಿದ್ದರೆ ಕೆಲಸ ಮಾಡುವುದಿಲ್ಲ. ಬ್ರೇಕ್ ದೀಪಕ್ಕೆ ನಾನು ಹಾಕಿಸಿದ್ದ ಎಲ್‌ಇಡಿಯಲ್ಲಿ ಫಿಲಮೆಂಟೇ ಇಲ್ಲ!

ಐದು ಪಿನ್ನಿನ ಸಾಮಾನ್ಯ ರಿಲೇ, ಅಂದರೆ ವಿದ್ಯುತ್ತಿನಿಂದ ಬದಲಾಗುವ ಸ್ವಿಚ್ಚು ಸಾಕಾಯಿತು. ಬ್ರೇಕ್ ಒತ್ತದಾಗ ಅದು ಕ್ರೂಸಿಗೆ ಅರ್ಥ್ ಕೊಡುತ್ತದೆ, ಒತ್ತಿದೊಡನೆ 12 ವೋಲ್ಟ್ ಕೊಟ್ಟು ಕ್ರೂಸ್ ಬಿಡಿಸುತ್ತದೆ. ಬ್ರೇಕ್ ದೀಪದ ತಂತಿ 86 ಎಂಬ ಗುರುತಿನ ಪಿನ್ನಿಗೆ, ಅರ್ಥ್ 85 ಮತ್ತು 87ಎಗೆ, ಫ್ಯೂಸ್ ಇರುವ 12 ವೋಲ್ಟ್ 87ಕ್ಕೆ, ಕ್ರೂಸಿನ ಬ್ರೇಕ್ ತಂತಿ 30ಕ್ಕೆ. ರಿಲೇ ಕೈಕೊಟ್ಟರೆ ಜೀವದ ಪ್ರಶ್ನೆ. ಆದ್ದರಿಂದ ಕ್ರೂಸಿನ ವಿದ್ಯುತ್ತನ್ನು ಎಂಜಿನ್ ಆರಿಸುವ ಸ್ವಿಚ್ಚಿನ ಮೂಲಕವೇ ತಂದೆ. ಮುಂದಿನ, ಹಿಂದಿನ ಬ್ರೇಕುಗಳೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಮುಟ್ಟಿದೊಡನೆ ಸೀಟಿನಡಿ ಟಿಕ್ ಎನ್ನುತ್ತದೆ, ಥ್ರಾಟಲ್ ಬಿಡುತ್ತದೆ.

ಮರುದಿನ ಬೆಳಿಗ್ಗೆ ಸೀಬಿ ದಾಟಿದಾಗ ಮುಳ್ಳು 80ರಲ್ಲೇ ನಿಂತಿತ್ತು, ಬೆರಳುಗಳು ಹಗುರವಾಗಿದ್ದವು.