ಮನೇಲಿ ಸಿನಿಮಾ ನೋಡೋವಾಗ ಪಾಪ್‌ಕಾರ್ನ್ ಬದಲು ಇದನ್ನ ಮಾಡಿ ನೋಡಿ

ಭಾನುವಾರ ಮನೇಲೇ ಸಿನಿಮಾ ನೋಡೋರು ಪಾಪ್‌ಕಾರ್ನ್ ಬಿಟ್ಟು ಕಾಂಗ್ರೆಸ್ ಕಡ್ಲೆಬೀಜ ಮಾಡ್ಕೊಳ್ಳಿ. ವಿ.ವಿ. ಪುರಂ ಕಡೆ ಬೇಕರಿಗಳಲ್ಲಿ ಸಿಗುತ್ತಲ್ಲ, ಅರಿಶಿನ ಬಣ್ಣದ್ದು, ಅದೇ. ನನಗಂತೂ ನಮ್ಮ ಬೆಂಗಳೂರಿನ ಕುರುಕಲು ತಿಂಡೀಲಿ ಇದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ.

ಕಾಲು ಕೆಜಿ ಬೀಜ ಸಣ್ಣ ಉರೀಲಿ ಕೈ ಬಿಡದೆ ಹುರೀರಿ. ಉರಿ ಜಾಸ್ತಿ ಮಾಡಿದ್ರೆ ಹೊರಗೆ ಸೀಯುತ್ತೆ, ಒಳಗೆ ಹಸಿ ಉಳಿಯುತ್ತೆ. ಆರಿದ ಮೇಲೆ ಬಟ್ಟೇಲಿ ತಿಕ್ಕಿ ಸಿಪ್ಪೆ ಊದಿ, ಎರಡು ಹೋಳು ಮಾಡಿ. ಎರಡು ಚಮಚ ಎಣ್ಣೇಲಿ ಕರಿಬೇವು ಗರಿಗರಿ ಆಗಲಿ, ಸ್ಟವ್ ಆರಿಸಿ, ಆಮೇಲೆ ಇಂಗು, ಅರಿಶಿನ, ಅಚ್ಚಖಾರದ ಪುಡಿ, ಕಾಳುಮೆಣಸಿನ ಪುಡಿ ಹಾಕಿ ಬೀಜ ಕಲಸಿ. ಉಪ್ಪು ಮಾತ್ರ ನುಣ್ಣಗೆ ಪುಡಿ ಮಾಡಿರಬೇಕು, ಕಲ್ಲುಪ್ಪಾದ್ರೆ ಬೀಜಕ್ಕೆ ಹತ್ತದೆ ತಳದಲ್ಲೇ ಉಳಿಯುತ್ತೆ. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದ್ರೆ ಮೆತ್ತಗಾಗುತ್ತೆ.

ಇದರ ಜೊತೆಗೆ 2025ರ 'ಸು ಫ್ರಮ್ ಸೋ' ಹಾಕಿ. ಕರಾವಳಿ ಹಳ್ಳಿಯ ಕಥೆ, ಮನೆಮಂದಿಯೆಲ್ಲ ಕೂತು ನಗಬಹುದು. ಆ ಕಡೆಯ ಮಾತು ಕಿವಿಗೆ ಹೊಂದೋಕೆ ಹತ್ತು ನಿಮಿಷ ಬೇಕು, ಸಬ್‌ಟೈಟಲ್ ಹಾಕ್ಕೊಳ್ಳಿ.

'ಸಪ್ತ ಸಾಗರದಾಚೆ ಎಲ್ಲೋ' ನೋಡೋರು ಮಾತ್ರ ಕಡ್ಲೆಬೀಜ ಪಕ್ಕಕ್ಕಿಡಿ. ಚರಣ್ ರಾಜ್ ಸಂಗೀತದ ನಡುವೆ ಕುರುಕುರು ಸದ್ದು ಬೇಡ. ಅದಕ್ಕೆ ಒಂದು ಲೋಟ ಫಿಲ್ಟರ್ ಕಾಫಿ ಸಾಕು.