ಸಾಲದ ಕಂಪನಿ ತಾನಾಗಿ ಎಸ್ಕ್ರೊ ಹೇರಿದಾಗ: ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮನೆ ಕೊಂಡವರಿಗೆ

ಬೆಂಗಳೂರಿನಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕೊಂಡವರೂ ಆಸ್ತಿ ತೆರಿಗೆಯನ್ನು ತಾವೇ ಕಟ್ಟುತ್ತಾರೆ. ಇಎಂಐಗೂ ಅದಕ್ಕೂ ಸಂಬಂಧವಿರುವುದಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಬಾಕಿ ಉಳಿದರೆ ಮನೆಯ ಮೇಲೆ ಕೌಂಟಿಯ (ಜಿಲ್ಲೆಯಂಥ ಸ್ಥಳೀಯ ಆಡಳಿತದ) ಹಕ್ಕು ಸಾಲ ಕೊಟ್ಟವರ ಹಕ್ಕಿಗಿಂತ ಮುಂದೆ ನಿಲ್ಲುತ್ತದೆ. ಆದ್ದರಿಂದಲೇ ತಿಂಗಳ ಕಂತಿನ ಜೊತೆಗೆ ತೆರಿಗೆಯ ಪಾಲನ್ನೂ ವಸೂಲಿ ಮಾಡಿ, ಎಸ್ಕ್ರೊ ಅಥವಾ ಇಂಪೌಂಡ್ ಎಂಬ ಖಾತೆಯಲ್ಲಿಟ್ಟು, ಗಡುವಿನೊಳಗೆ ಕೌಂಟಿಗೆ ತಾವೇ ಕಟ್ಟುವ ಪದ್ಧತಿಯನ್ನು ಸಾಲದ ಕಂಪನಿಗಳು ಇಟ್ಟುಕೊಂಡಿವೆ. ಸಾಕಷ್ಟು ಡೌನ್ ಪೇಮೆಂಟ್ ಕೊಟ್ಟ ನಮ್ಮವರಲ್ಲಿ ಅನೇಕರು ಎಸ್ಕ್ರೊ ಬೇಡವೆಂದು ಬರೆಸಿಕೊಂಡು ತೆರಿಗೆಯನ್ನು ನೇರವಾಗಿ ಕಟ್ಟುತ್ತಾರೆ. ಅಂಥವರಿಗೂ ಕೆಲವೊಮ್ಮೆ, ‘ನಿಮ್ಮ ಬಾಕಿ ತೆರಿಗೆಯನ್ನು ನಾವು ಕಟ್ಟಿದ್ದೇವೆ, ಎಸ್ಕ್ರೊ ಖಾತೆ ತೆರೆದಿದ್ದೇವೆ, ಮುಂದಿನ ತಿಂಗಳಿನಿಂದ ಕಂತು ಇಷ್ಟು’ ಎಂಬ ಪತ್ರ ಬರುತ್ತದೆ.

ಪತ್ರ ಕಂಡ ಕೂಡಲೇ ಸಿಟ್ಟಿನಿಂದ ಹಳೆಯ ಕಂತನ್ನಷ್ಟೇ ಕಟ್ಟುತ್ತಾ ಹೋಗುವವರಿದ್ದಾರೆ. ಆಟೋಪೇ ಹಾಕಿ ಮರೆತವರ ವಿಷಯದಲ್ಲಿ ಇದು ಅವರಿಗೆ ತಿಳಿಯದೆಯೇ ನಡೆಯುತ್ತದೆ. ಹೊಸ ಮೊತ್ತಕ್ಕಿಂತ ಕಡಿಮೆ ಬಂದ ಹಣವನ್ನು ಕಂಪನಿ ಅಪೂರ್ಣ ಕಂತೆಂದು ಪರಿಗಣಿಸಿ, ಸಾಲಕ್ಕೆ ಜಮಾ ಮಾಡದೆ ಸಸ್ಪೆನ್ಸ್ ಖಾತೆಯಲ್ಲಿ ಇಡಬಹುದು. ಅಲ್ಲಿಂದ ತಡಪಾವತಿ ಶುಲ್ಕ, ಕ್ರೆಡಿಟ್ ವರದಿಯಲ್ಲಿ ಕಪ್ಪು ಗುರುತು, ಕೊನೆಗೆ ಫೋರ್‌ಕ್ಲೋಶರ್, ಅಂದರೆ ಸಾಲಕ್ಕಾಗಿ ಮನೆ ಜಪ್ತಿಯ ನೋಟೀಸು. ಕೈಯಲ್ಲಿ ಆಗುವಂತಿದ್ದರೆ ಕೇಳಿದಷ್ಟನ್ನೂ ಕಟ್ಟಿ, ‘ಆಕ್ಷೇಪಣೆ ಉಳಿಸಿಕೊಂಡು ಕಟ್ಟುತ್ತಿದ್ದೇನೆ’ ಎಂದು ಬರೆದು ತಿಳಿಸಿ, ಜಗಳವನ್ನು ಬೇರೆಯಾಗಿ ನಡೆಸುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಪ್ರಶ್ನೆ, ತೆರಿಗೆ ನಿಜಕ್ಕೂ ಬಾಕಿ ಇತ್ತೇ ಎಂಬುದು. ಕೌಂಟಿಯ ತೆರಿಗೆ ಕಚೇರಿಯ ವೆಬ್‌ಸೈಟಿನಲ್ಲಿ ನಿಮ್ಮ ಆಸ್ತಿಯನ್ನು ಗುರುತಿಸುವ ಪಾರ್ಸೆಲ್ ನಂಬರ್ ಹಾಕಿದರೆ ಯಾವ ಕಂತು ಯಾವ ದಿನ ಜಮಾ ಆಯಿತೆಂಬುದು ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷದ ತೆರಿಗೆಗೆ ಎರಡು ಕಂತು: ಮೊದಲನೆಯದಕ್ಕೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕೊನೆಯ ದಿನ; ಮೀರಿದರೆ ಶೇ. 10 ದಂಡ. ಡಿಸೆಂಬರ್ ರಜೆಗೆಂದು ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮೊದಲ ಕಂತು ಮರೆತುಹೋಗುವುದು ನಮ್ಮವರಲ್ಲಿ ಅಪರೂಪವೇನಲ್ಲ. ಅದಕ್ಕಿಂತ ಹೆಚ್ಚು ಮೋಸ ಹೋಗುವುದು ಸಪ್ಲಿಮೆಂಟಲ್ ಬಿಲ್ಲಿನಲ್ಲಿ. ಮನೆ ಕೈ ಬದಲಾದಾಗ ಕೌಂಟಿ ಅದರ ಬೆಲೆಯನ್ನು ಹೊಸದಾಗಿ ಕಟ್ಟಿ, ಹಳೆಯ ಮತ್ತು ಹೊಸ ಬೆಲೆಗಳ ವ್ಯತ್ಯಾಸದ ತೆರಿಗೆಗೆ ಪ್ರತ್ಯೇಕ ಬಿಲ್ ಕಳಿಸುತ್ತದೆ. ಅದರ ಗಡುವುಗಳೇ ಬೇರೆ, ಮತ್ತು ಅದು ಬರುವುದು ಮನೆಯೊಡೆಯರ ಹೆಸರಿಗೆ. ಎಸ್ಕ್ರೊ ಇದ್ದವರೂ ಅದನ್ನು ಕಂಪನಿ ನೋಡಿಕೊಳ್ಳುತ್ತದೆಂದು ಕೂತರೆ ಬಾಕಿ ಬೀಳುತ್ತದೆ.

ತೆರಿಗೆ ಕಟ್ಟಿದ್ದರೂ ಪತ್ರ ಬಂದಿದ್ದರೆ ಪಾರ್ಸೆಲ್ ನಂಬರನ್ನು ಒಂದೊಂದೇ ಅಂಕೆಯಾಗಿ ತಾಳೆ ನೋಡಬೇಕು. ಪರಿಚಯದವರೊಬ್ಬರ ಟೌನ್‌ಹೋಮ್ ಸಾಲು ಮನೆಗಳಲ್ಲಿತ್ತು. ಅವರ ಮತ್ತು ಪಕ್ಕದ ಮನೆಯ ನಂಬರುಗಳಿಗೆ ಕೊನೆಯ ಅಂಕೆಯೊಂದರದೇ ವ್ಯತ್ಯಾಸ. ಸಾಲ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗ ಹೊಸ ಕಂಪನಿ ಪಕ್ಕದ ಮನೆಯ ನಂಬರನ್ನು ದಾಖಲಿಸಿಕೊಂಡು, ಆ ಮನೆಯ ಬಾಕಿಯನ್ನು ಇವರ ತಲೆಗೆ ಕಟ್ಟಿತ್ತು.

ಫೋನಿನಲ್ಲಿ ಗಂಟೆಗಟ್ಟಲೆ ವಾದಿಸಿದರೂ ಕಾನೂನಿನ ಗಡಿಯಾರ ಓಡಲು ಶುರುವಾಗುವುದಿಲ್ಲ. ಅದಕ್ಕೆ ಲಿಖಿತ ಪತ್ರವೇ ಬೇಕು. ಮನೆ ಸಾಲದ ವ್ಯವಹಾರಗಳಿಗೆ ಸಂಬಂಧಿಸಿದ 1974ರ ಕೇಂದ್ರ ಕಾಯ್ದೆಯಾದ ರೆಸ್ಪಾದ ನಿಯಮಗಳ ಪ್ರಕಾರ ‘ನೋಟೀಸ್ ಆಫ್ ಎರರ್’ (ತಪ್ಪಿನ ಸೂಚನೆ) ಎಂಬ ತಲೆಬರಹದಲ್ಲಿ ನಿಮ್ಮ ಹೆಸರು, ಸಾಲದ ನಂಬರು, ಮನೆಯ ವಿಳಾಸ, ಪಾರ್ಸೆಲ್ ನಂಬರು, ತಪ್ಪೇನೆಂಬುದನ್ನು ಬರೆದು, ಕೌಂಟಿಯ ರಸೀದಿ, ಬ್ಯಾಂಕಿನಿಂದ ಹಣ ಹೋದ ದಾಖಲೆ, ಎಸ್ಕ್ರೊ ಮನ್ನಾ ಮಾಡಿದ ಕಾಗದದ ಪ್ರತಿಗಳನ್ನು ಲಗತ್ತಿಸಬೇಕು. ಕಂತು ಕಳಿಸುವ ವಿಳಾಸಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಇಂಥ ಪತ್ರಗಳಿಗೆಂದೇ ಕಂಪನಿ ಬೇರೆ ವಿಳಾಸ ಗೊತ್ತುಪಡಿಸಿದ್ದರೆ ಅಲ್ಲಿಗೇ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ. ಪತ್ರ ತಲುಪಿದ್ದನ್ನು ಅವರು 5 ಕೆಲಸದ ದಿನಗಳಲ್ಲಿ ತಿಳಿಸಬೇಕು. 30 ಕೆಲಸದ ದಿನಗಳಲ್ಲಿ ತಪ್ಪನ್ನು ಸರಿಪಡಿಸಬೇಕು, ಇಲ್ಲವೇ ತಪ್ಪಿಲ್ಲವೆಂದು ಕಾರಣಸಮೇತ ಉತ್ತರಿಸಬೇಕು. ಲಿಖಿತವಾಗಿ ತಿಳಿಸಿ ಇನ್ನೂ 15 ಕೆಲಸದ ದಿನ ಪಡೆಯುವ ಅವಕಾಶ ಅವರಿಗಿದೆ. ಇದಕ್ಕೆ ಶುಲ್ಕ ಕೇಳುವಂತಿಲ್ಲ, ಮತ್ತು ವಿವಾದದಲ್ಲಿರುವ ಕಂತಿನ ಬಗ್ಗೆ 60 ದಿನ ಕ್ರೆಡಿಟ್ ಸಂಸ್ಥೆಗಳಿಗೆ ಕೆಟ್ಟ ವರದಿ ಕಳಿಸುವಂತಿಲ್ಲ.

ಸ್ವಂತ ವಾಸದ ಮನೆಗೆ ಇಂಪೌಂಡ್ ಖಾತೆಯನ್ನು ಕಡ್ಡಾಯ ಮಾಡುವುದಕ್ಕೆ ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ 2954ನೇ ಸೆಕ್ಷನ್ ಮಿತಿ ಹಾಕಿದೆ. ಸಾಲ ಮನೆಯ ಬೆಲೆಯ ಶೇ. 90 ಅಥವಾ ಹೆಚ್ಚಿದ್ದಾಗ, ಸತತ ಎರಡು ಕಂತು ತೆರಿಗೆಯನ್ನು ಗಡುವಿನೊಳಗೆ ಕಟ್ಟದಿದ್ದಾಗ, ಸರ್ಕಾರಿ ಖಾತರಿಯ ಸಾಲವಾಗಿದ್ದಾಗ ಮುಂತಾದ ಸಂದರ್ಭಗಳಲ್ಲಿ ಅದಕ್ಕೆ ಅವಕಾಶವಿದೆ. ಒಂದೇ ಕಂತು ತಪ್ಪಿದವರು ಈ ಸೆಕ್ಷನ್ನನ್ನು ಪತ್ರದಲ್ಲಿ ಹೆಸರಿಸುವುದು ಒಳ್ಳೆಯದು. ಕೇಂದ್ರ ಸರ್ಕಾರದ ಪರವಾನಗಿಯ ‘ನ್ಯಾಷನಲ್’ ಬ್ಯಾಂಕುಗಳು ರಾಜ್ಯದ ಕಾನೂನು ತಮಗೆ ತಾಗದೆಂದು ವಾದಿಸುವುದುಂಟು, ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಕೇಂದ್ರ ವಸತಿ ಸಂಸ್ಥೆಯ ಖಾತರಿಯಿರುವ ಎಫ್‌ಎಚ್‌ಎ ಸಾಲದವರಿಗಂತೂ ಎಸ್ಕ್ರೊ ತಪ್ಪಿದ್ದಲ್ಲ.

ತಪ್ಪು ನಿಮ್ಮದೇ ಆಗಿದ್ದರೆ ಖಾತೆಯ ವಿರುದ್ಧ ಹೋರಾಡುವ ಬದಲು ಲೆಕ್ಕವನ್ನು ಪರೀಕ್ಷಿಸಿ. ಕುಶನ್ ಹೆಸರಿನಲ್ಲಿ ಅವರು ಇಟ್ಟುಕೊಳ್ಳಬಹುದಾದ ಹೆಚ್ಚುವರಿ ಹಣ ವರ್ಷದ ಮೊತ್ತದ ಆರನೇ ಒಂದು ಭಾಗವನ್ನು ಮೀರುವಂತಿಲ್ಲ: ವರ್ಷಕ್ಕೆ 12,000 ಡಾಲರ್ ತೆರಿಗೆಯಿದ್ದರೆ 2,000 ಡಾಲರ್. ಅವರು ಕೈಯಿಂದ ಹಾಕಿದ ಹಣವನ್ನು ಒಂದೇ ಸಲ ಕೇಳಿದ್ದರೆ 12 ತಿಂಗಳಿಗೆ ಹಂಚಿಕೊಡಿ ಎಂದು ಬರೆದು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಉತ್ತರ ಬಾರದಿದ್ದರೆ ಗ್ರಾಹಕರ ಹಣಕಾಸು ರಕ್ಷಣೆಯ ಕೇಂದ್ರ ಸಂಸ್ಥೆಯಾದ ಸಿಎಫ್‌ಪಿಬಿಗೂ, ರಾಜ್ಯದ ಹಣಕಾಸು ರಕ್ಷಣೆಯ ಇಲಾಖೆಯಾದ ಡಿಎಫ್‌ಪಿಐಗೂ ದೂರು ಕೊಡಬಹುದು. ಗೆದ್ದರೆ, ಖಾತೆ ಮುಚ್ಚಿದ್ದು, ಮನ್ನಾ ಮತ್ತೆ ಜಾರಿಗೆ ಬಂದದ್ದು, ದಂಡ ಮತ್ತು ಉಳಿಕೆ ಹಣ ಹಿಂದಿರುಗಿಸಿದ್ದು, ಹೊಸ ಕಂತಿನ ಮೊತ್ತ ಎಲ್ಲವನ್ನೂ ಬರಹದಲ್ಲಿ ಪಡೆದು ಆಟೋಪೇ ಬದಲಿಸಿ. ನೀವೂ ಕಂಪನಿಯೂ ಒಂದೇ ಕಂತನ್ನು ಕಟ್ಟಿದ್ದರೆ ಹೆಚ್ಚುವರಿ ಹಣ ಯಾರಿಗೆ ಮರಳುತ್ತದೆಂದು ಕೌಂಟಿಯನ್ನೇ ಕೇಳಬೇಕು. ಆ ವರ್ಷದ ಆದಾಯ ತೆರಿಗೆಯಲ್ಲಿ ಕಡಿತ ಕೇಳುವಾಗ ಎಸ್ಕ್ರೊಗೆ ನೀವು ತುಂಬಿದ ಹಣ ಲೆಕ್ಕಕ್ಕೆ ಬರುವುದಿಲ್ಲ. ಅದರಿಂದ ಕೌಂಟಿಗೆ ನಿಜವಾಗಿ ಸಂದಾಯವಾದ ಮೊತ್ತ ಮಾತ್ರ ಬರುತ್ತದೆ.